ಬೋಳು ಗಿಳಿಯ ಬಾಣಂತನ

ಕೆಲವರ ಮನೆಗೆ ಹಾವುಗಳು ಬರುತ್ತವೆ, ಕೆಲವರ ಮನೆಗೆ ಕಳ್ಳರು ಬರುತ್ತಾರೆ. ನಮ್ಮ ಮನೆಗೆ, ನನ್ನ ಹೆಂಡತಿ ಯಾರನ್ನು ನೋಡಿ "ಪಾಪ" ಎನ್ನುತ್ತಾಳೋ ಅವರೆಲ್ಲ ಬರುತ್ತಾರೆ. ಕುಂಟು ಬೆಕ್ಕು ಬಂದಿದೆ. ಬಿಸಿಲಿಗೆ ತಲೆ ತಿರುಗಿ ಬಿದ್ದ ಪಾರಿವಾಳ ಬಂದಿದೆ. ಒಮ್ಮೆ ಒಬ್ಬ ವಿಮೆ ಏಜೆಂಟರೂ ಬಂದು ಊಟ ಮಾಡಿ ಹೋಗಿದ್ದಾರೆ. ಈ ಸಾಲಿನಲ್ಲಿ ಕೊನೆಗೆ ಬಂದದ್ದು ತನ್ನ ಪುಕ್ಕ ತಾನೇ ಕಿತ್ತುಕೊಳ್ಳುವ ಗಿಳಿ. ಅದು ಬಂದ ಮೇಲೆ ಮನೆಯಲ್ಲಿ ಏನೂ ನಡೆಯದ ದಿನವೆಂಬುದು ಉಳಿದಿಲ್ಲ. ಎಲ್ಲವನ್ನೂ ಬರೆದರೆ ನಂಬುವವರಿಲ್ಲ, ಆದ್ದರಿಂದ ನಂಬಬಹುದಾದಷ್ಟನ್ನು ಬರೆಯುತ್ತೇನೆ.

೧. ಮೇಲಿನ ಮನೆಯ ಕೋಳಿ

ಗಿಳಿ ಬಂದದ್ದು ಪುಣೆಯ ಐಟಿ ಕಂಪನಿಗಳ ಬಡಾವಣೆಯಾದ ಹಿಂಜವಾಡಿಯಿಂದ. ಅಲ್ಲೊಂದು ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದವರು ಮನೆ ಖಾಲಿ ಮಾಡುವಾಗ ಫ್ರಿಜ್ಜು, ಟಿವಿ, ಕಸಬರಿಗೆ ಎಲ್ಲವನ್ನೂ ಒಯ್ದು ಪಂಜರವನ್ನು ಮಾತ್ರ ಬಾಲ್ಕನಿಯಲ್ಲಿ ಬಿಟ್ಟು ಹೋಗಿದ್ದರು. ನನ್ನ ಹೆಂಡತಿ ರವಿವಾರ ರವಿವಾರ ಒಂದು ಹಕ್ಕಿ ರಕ್ಷಣೆಯ ಗುಂಪಿನಲ್ಲಿ ದುಡಿಯುತ್ತಾಳೆ. ಆ ಗುಂಪಿನ ಹುಡುಗಿ ಹೋಗಿ ಅದನ್ನು ಬಿಡಿಸಿ ತಂದಳು. ನಮ್ಮ ಕಡೆಯ ಹಸಿರು ಗಿಳಿಯಾಗಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕಿತ್ತು, ಏಕೆಂದರೆ ಅದನ್ನು ಮನೆಯಲ್ಲಿಡುವುದು ಅಪರಾಧ. ಇದು ಆಫ್ರಿಕಾದ ಬೂದು ಗಿಳಿ, ಕೆಂಪು ಬಾಲದ್ದು. ಹೀಗಾಗಿ ಇಲಾಖೆಯ ಬದಲು ಹಳೆಯ ಪುಣೆಯ ಸದಾಶಿವ ಪೇಠಕ್ಕೆ, ಎರಡನೆಯ ಮಹಡಿಯ ನಮ್ಮ ಮನೆಗೆ ಬಂತು.

ಕರಾರು ಸರಳವಾಗಿತ್ತು. ಪುಕ್ಕ ಬೆಳೆಯುವ ತನಕ ಮಾತ್ರ ನಮ್ಮಲ್ಲಿ. ಬೆಳೆದ ಮೇಲೆ ಗುಂಪಿನವರು ಕಾಯಂ ಮನೆ ಹುಡುಕಿ ಕೊಡುತ್ತಾರೆ. ಆ ಕಾಯಂ ಮನೆ ನಮ್ಮದಾಗುವಂತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೊರಬಿದ್ದರೆ ಸಂಜೆಗೇ ಬರುವವರು, ಇಂಥ ಹಕ್ಕಿಗೆ ಹಗಲು ಒಬ್ಬರು ಜೊತೆಗಿರಬೇಕು. ಸದ್ಯಕ್ಕೆ ಇದ್ದವರು ನನ್ನ ಅತ್ತೆ. ಅವರು ಧಾರವಾಡದವರು, ಪುಣೆಗೆ ಮೊಣಕಾಲು ತೋರಿಸಲು ಬಂದವರು. ಧಾರವಾಡದ ಹಳಬರಿಗೆಲ್ಲ ಬರುವಂತೆ ಅವರಿಗೆ ಮರಾಠಿ ಬರುತ್ತದೆ. ಆದರೆ ಅವರು ಮರಾಠಿಯನ್ನೂ ಧಾರವಾಡದ ಕನ್ನಡದ ರಾಗದಲ್ಲೇ ಆಡುವುದರಿಂದ ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ.

ಹೆಂಡತಿ ಪಂಜರದ ಮೇಲಿನ ಬಟ್ಟೆ ಸರಿಸಿದಳು. ಕುತ್ತಿಗೆಯ ತನಕ ಗಿಳಿ ರಾಜನ ಹಾಗಿತ್ತು. ಕುತ್ತಿಗೆಯ ಕೆಳಗೆ ಅಂಗಡಿಯಲ್ಲಿ ತೂಗುಹಾಕಿದ್ದರ ಹಾಗಿತ್ತು.

"ಅಯ್ಯ ಶಿವನ, ಅರ್ಧಾ ಸುಲದು ತಂದೀಯಲ್ಲs!" ಎಂದರು ಅತ್ತೆ.

"ಅವ್ವಾ, ತಾನs ಕಿತ್ಕೊಂಡಾನ ಅಂವ. ಮನಸ್ಸಿಗೆ ತ್ರಾಸ ಆಗ್ಯದ ಪಾಪ."

ಅಷ್ಟರಲ್ಲಿ ಕೆಳಗಿನ ಮನೆಯ ಕಾಕಾ ಬಾಗಿಲಲ್ಲಿ ನಿಂತಿದ್ದರು. ಅವರು ನಿವೃತ್ತ ಹೆಡ್ಮಾಸ್ತರರು. ನಮ್ಮ ಕಟ್ಟಡದಲ್ಲಿ ಎಲ್ಲರೂ ಸಸ್ಯಾಹಾರಿಗಳು ಎಂಬ ಅಲಿಖಿತ ನಿಯಮವೊಂದಿದೆ, ಅದರ ಮೇಲ್ವಿಚಾರಣೆ ಅವರದು. ಮೆಟ್ಟಿಲಲ್ಲಿ ಪಂಜರ ಹೋಗುವಾಗ ಬಟ್ಟೆಯ ಸಂದಿಯಿಂದ ಅವರಿಗೆ ಎದೆಯ ಭಾಗವಷ್ಟೇ ಕಂಡಿತ್ತು. ಈಗ ತಲೆಯೂ ಕಂಡಿತು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ನಮ್ಮ ಊರಿನ ಬಗ್ಗೆ ಅವರಿಗಿದ್ದ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ಹೇಳಿದರು.

"ಕೊಂದು ಸುಲಿಯುವವರನ್ನು ನೋಡಿದ್ದೇನೆ. ಸುಲಿದು ಸಾಕುವವರು ಕರ್ನಾಟಕದಲ್ಲೇ ಇರಬೇಕು."

೨. ನಿರುದ್ಯೋಗಿ

ಹಕ್ಕಿಗಳ ಡಾಕ್ಟರಿಣಿ ಗಿಳಿಯ ರಕ್ತ ನೋಡಿದರು, ಚರ್ಮ ನೋಡಿದರು, ಹಿಕ್ಕೆ ನೋಡಿದರು. ಅಷ್ಟು ಗಮನವನ್ನು ನನ್ನ ಮೇಲೆ ಈವರೆಗೆ ಯಾವ ವೈದ್ಯರೂ ಇಟ್ಟಿಲ್ಲ. ಕೊನೆಗೆ, "ರೋಗ ಏನೂ ಇಲ್ಲ" ಎಂದರು.

"ಹಂಗಾದ್ರ ಯಾಕ ಕಿತ್ಕೋತಾನ?" ಎಂದು ಅತ್ತೆ ಕೇಳಿದರು.

"ಕೆಲಸವಿಲ್ಲ, ಅದಕ್ಕೆ. ಕಾಡಿನಲ್ಲಿ ಇಡೀ ದಿನ ತಿನ್ನುವುದನ್ನು ಹುಡುಕಬೇಕು, ಒಡೆಯಬೇಕು, ಸುಲಿಯಬೇಕು. ಇಲ್ಲಿ ಬಟ್ಟಲು ತುಂಬಿ ಮುಂದೆ ಇಡುತ್ತಾರೆ. ಆಮೇಲೆ ಇಡೀ ದಿನ ಏನು ಮಾಡಬೇಕು? ಕೊಕ್ಕಿಗೆ ಸಿಗುವುದು ತನ್ನ ಮೈಯೊಂದೇ."

ನಾನು ಸರಕಾರಿ ನೌಕರ. ಕೆಲಸವಿಲ್ಲದಿದ್ದರೆ ಹೀಗೂ ಆಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನಮ್ಮಲ್ಲಿ ಅನೇಕರ ತಲೆ ಬೋಳಾಗಿರುವುದರ ಕಾರಣ ಈಗ ಹೊಳೆಯಿತು.

ಡಾಕ್ಟರಿಣಿ ಔಷಧದ ಬದಲು ಉದ್ಯೋಗ ಬರೆದುಕೊಟ್ಟರು. ತಿನ್ನುವುದನ್ನು ಕಾಗದದಲ್ಲಿ ಸುತ್ತಿಡಿ, ಪೆಟ್ಟಿಗೆಯಲ್ಲಿ ಬಚ್ಚಿಡಿ, ಹುಡುಕಿ ತಿನ್ನಲಿ. ಹರಿಯಲು ಬಟ್ಟೆ, ಕಡಿಯಲು ಕಟ್ಟಿಗೆ ಕೊಡಿ. ಮನೆಯಲ್ಲಿ ಯಾರಾದರೂ ಮಾತಾಡಿಸುತ್ತಿರಿ. "ಹೊಸ ಪುಕ್ಕ ಮೊದಲು ಎದೆಯ ಮೇಲೆ ಸಣ್ಣ ಮುಳ್ಳಿನ ಹಾಗೆ ಕಾಣುತ್ತದೆ. ಅದೊಂದು ಬಂದರೆ ಗೆದ್ದಂತೆ" ಎಂದರು.

"ಮೊದಲಿನ ಮನೆಯಲ್ಲಿ ಇದಕ್ಕೆ ಯಾರ ಜೊತೆಯೂ ಇರಲಿಲ್ಲವೇ?"

ನಮಗೆ ಗೊತ್ತಿರಲಿಲ್ಲ. ಗಿಳಿಗೆ ಗೊತ್ತಿತ್ತು. ಬಂದಾಗಿನಿಂದ ಬಾಯಿ ಬಿಡದ ಅದು ಮೇಜಿನ ಮೇಲೆ ನೇರವಾಗಿ ನಿಂತು, ದಣಿದ ಗಂಡಸಿನ ದನಿಯಲ್ಲಿ, ಅಚ್ಚ ಇಂಗ್ಲಿಷಿನಲ್ಲಿ ಕೇಳಿತು: "ಹಲೋ, ಆಮ್ ಐ ಆಡಿಬಲ್?"

"ಯೆಸ್" ಎಂದರು ಡಾಕ್ಟರಿಣಿ, ಅಭ್ಯಾಸಬಲದಿಂದ.

"ಕ್ಯಾನ್ ಎವ್ರಿವನ್ ಸೀ ಮೈ ಸ್ಕ್ರೀನ್?" ಎಂದಿತು ಗಿಳಿ. ಸ್ವಲ್ಪ ಹೊತ್ತು ಕಾದು ನೋಡಿತು. ಉತ್ತರ ಬರಲಿಲ್ಲ. ಆಮೇಲೆ ಮನುಷ್ಯರ ಹಾಗೆಯೇ ಒಂದು ಉದ್ದನೆಯ ನಿಟ್ಟುಸಿರು ಬಿಟ್ಟಿತು. ಮತ್ತೆ, "ಹಲೋ, ಆಮ್ ಐ ಆಡಿಬಲ್?"

ಡಾಕ್ಟರಿಣಿ ಕೈಗವಸು ತೆಗೆದರು.

"ದಿನವಿಡೀ ಮೀಟಿಂಗ್ ಕೇಳಿದೆ ಪಾಪ. ನಾನಾದರೂ ಪುಕ್ಕ ಕಿತ್ತುಕೊಳ್ಳುತ್ತಿದ್ದೆ."

೩. ಬ್ಯಾಡ ಅಂದ್ರ ಬೇಕು ಅಂತ

ಹೆಂಡತಿ ಉತ್ಸಾಹದಿಂದ ಶುರುಮಾಡಿದಳು. ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಶೇಂಗಾವನ್ನು ಕಾಗದದಲ್ಲಿ ಸುತ್ತುವಳು, ಪೇರಲ ಹೋಳನ್ನು ರಟ್ಟಿನ ಡಬ್ಬಿಯಲ್ಲಿ ಅಡಗಿಸುವಳು, ಮೆಕ್ಕೆಜೋಳವನ್ನು ಸಿಪ್ಪೆಯೊಂದಿಗೇ ಪಂಜರದ ಮೇಲ್ಗಡೆ ಕಟ್ಟುವಳು. ಸಂಜೆ ಬಂದಾಗ ಎಲ್ಲ ಖಾಲಿ. ನಮಗೆ ಪರಮಾನಂದ. ಗಿಳಿ ಹುಡುಕುವುದನ್ನು ಕಲಿತಿದೆ! ಗುಂಪಿನ ಹುಡುಗಿಗೆ ಫೋಟೊ ಹೋಯಿತು, ಅವಳಿಂದ ಚಪ್ಪಾಳೆಯ ಚಿತ್ರಗಳು ಬಂದವು.

ಆದರೆ ಪುಕ್ಕ ಮಾತ್ರ ನೆಲದ ಮೇಲೆ ಮೊದಲಿನಷ್ಟೇ ಬಿದ್ದಿರುತ್ತಿದ್ದವು.

ಒಂದು ದಿನ ನಾನು ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದೆ. ಅಡುಗೆಮನೆಯಲ್ಲಿ ಅತ್ತೆ ಕುರ್ಚಿಯ ಮೇಲೆ ಕೂತಿದ್ದರು. ಎದುರಿನ ಕುರ್ಚಿಯ ಬೆನ್ನಮೇಲೆ ಗಿಳಿ ಕೂತಿತ್ತು. ನಡುವೆ ತಟ್ಟೆ. ಹೆಂಡತಿ ಬಚ್ಚಿಟ್ಟಿದ್ದನ್ನೆಲ್ಲ ಅತ್ತೆ ಬಿಚ್ಚಿ, ಸುಲಿದು, ಹೆಚ್ಚಿ, ಒಂದೊಂದಾಗಿ ಅದರ ಬಾಯಿಗಿಡುತ್ತಿದ್ದರು.

"ಅತ್ತಿಯವರ, ಡಾಕ್ಟರು ಹುಡುಕಿ ತಿನ್ಲಿ ಅಂದಿದ್ರಲ್ಲ?"

"ಮನಿಗೆ ಬಂದವರಿಗೆ 'ಎಲ್ಲೋ ಇಟ್ಟೀವಿ, ಹುಡುಕ್ಯಾಡಿ ತಿನ್ರಿ' ಅನ್ನೂದು ಯಾವ ಊರಿನ ಪದ್ಧತಿರಿ? ನಾಳೆ ನಾಲ್ಕ ಮಂದಿ ಕೇಳಿದ್ರ ಏನಂದಾರು?"

"ಅದು ಗಿಳಿ."

"ಗಿಳಿ ಆದ್ರೇನು, ಹೊಟ್ಟಿ ಇಲ್ಲೇನು?"

ನಾನು ನೋಡುತ್ತಿದ್ದಂತೆಯೇ ಗಿಳಿ ಮುಖ ಆಚೆ ತಿರುಗಿಸಿತು. ಎಂದರೆ ಹೊಟ್ಟೆ ತುಂಬಿದೆ. ಅತ್ತೆ ಇನ್ನೊಂದು ಹೋಳು ಮುಂದೆ ಹಿಡಿದರು. ಅದು ಈಚೆ ತಿರುಗಿಸಿತು. ಅತ್ತೆ ಕೈಯನ್ನೂ ಈಚೆ ತಂದರು.

"ಅದಕ್ಕ ಬ್ಯಾಡಾಗ್ಯದ ಅತ್ತಿಯವರ."

"ಸಂಕೋಚರಿ. ಹೊಸಾ ಮನಿ ನೋಡ್ರಿ. ನೀವೂ ಲಗ್ನ ಆದ ಹೊಸದಾಗಿ ಹಿಂಗs ಮಾಡ್ತಿದ್ರಿ."

ನಾನು ಹಾಗೆ ಮಾಡುತ್ತಿದ್ದದ್ದು ನಿಜವಾಗಿಯೂ ಹೊಟ್ಟೆ ತುಂಬಿದ್ದಕ್ಕೆ. ಇಷ್ಟು ವರ್ಷಗಳ ಮೇಲೆ ಅದನ್ನು ಹೇಳಿ ಏನು ಪ್ರಯೋಜನ?

ಮುಂದಿನ ತಪಾಸಣೆಯಲ್ಲಿ ಡಾಕ್ಟರಿಣಿ ಗಿಳಿಯನ್ನು ತೂಗಿದರು. ತಕ್ಕಡಿಯನ್ನು ಒಮ್ಮೆ ಒರೆಸಿ ಮತ್ತೆ ತೂಗಿದರು. "ಪುಕ್ಕ ಒಂದೂ ಬಂದಿಲ್ಲ. ಆದರೆ ತೂಕ ಮಾತ್ರ ಸಿಕ್ಕಾಪಟ್ಟೆ ಏರಿದೆ. ಇದು ಹೇಗಾಯಿತು?" ಎಂದು ನಮ್ಮ ಮೂವರ ಮುಖ ನೋಡಿದರು.

ಅತ್ತೆಗೆ ಹೆಮ್ಮೆಯೋ ಹೆಮ್ಮೆ.

"ಮೊದಲ ಮೈ ತುಂಬಬೇಕ್ರಿ ಡಾಕ್ಟರ, ಅರಿವಿ ಆಮ್ಯಾಲ."

೪. ಖಣದ ಅಂಗಿ

ಕೈತುತ್ತು ನಿಂತಿತು. ಡಾಕ್ಟರಿಣಿ ಅತ್ತೆಯನ್ನು ಒಳಗೆ ಕರೆದು ಏನು ಹೇಳಿದರೋ, ಹೊರಗೆ ಬಂದ ಅತ್ತೆ ದಾರಿಯುದ್ದಕ್ಕೂ ಸೆರಗಿನ ತುದಿ ತಿರುವುತ್ತ ಕೂತರು. ರಿಕ್ಷಾದಿಂದ ಇಳಿಯುವಾಗ, "ಪುಕ್ಕ ಬರಲಿಲ್ಲಂದ್ರ ಮೈ ಕಚ್ಚಬಾರ್ದಂತ ಅವನ ಕೊಳ್ಳಾಗ ಪ್ಲಾಸ್ಟಿಕ್ಕಿನ ಬುಟ್ಟಿ ಹಾಕ್ತಾರಂತ" ಎಂದರು. ಕಣ್ಣಲ್ಲಿ ನೀರಿತ್ತು.

ಅದಕ್ಕೆ ಬದಲಾಗಿ ಒಂದು ಅಂಗಿ ತೊಡಿಸಿ ನೋಡಬಹುದು, ಮೈ ಬಿಟ್ಟು ಬಟ್ಟೆ ಕಚ್ಚಿದರೆ ಒಳ್ಳೆಯದು, ಎಂಬ ಸೂಚನೆ ಇತ್ತು. ಗುಂಪಿನ ಹುಡುಗಿ ಹಳೆಯ ಕಾಲುಚೀಲದ ತುದಿ ಕತ್ತರಿಸಿ, ರೆಕ್ಕೆಗೆ ಎರಡು ತೂತು ಮಾಡಿ ತೋರಿಸಿದಳು. ಅತ್ತೆ ಆ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ದೂರವಿಟ್ಟರು.

"ನಾ ಮನ್ಯಾಗ ಇರೂತನಕ ನನ್ನ ಗಿಳಿಯಪ್ಪ ಕಾಲಚೀಲಾ ಹಾಕ್ಕೊಳ್ಳೂದಿಲ್ಲ."

ಅತ್ತೆ ತಮ್ಮ ಕಾಲದಲ್ಲಿ ಓಣಿಯ ಹಸುಗೂಸುಗಳಿಗೆಲ್ಲ ಅಂಗಿ, ಟೋಪಿ ಹೊಲಿದವರು. ಪೆಟ್ಟಿಗೆಯ ತಳದಿಂದ ಕುಪ್ಪಸ ಹೊಲಿಸುವ ಗುಳೇದಗುಡ್ಡದ ಖಣ ಹೊರಬಂತು. ಮಗಳ ಮದುವೆಗೆ ತಂದು ಉಳಿದದ್ದು, ದಾಳಿಂಬರಿ ಬಣ್ಣ. ಎರಡು ದಿನ ಕೂತು ಕೈಹೊಲಿಗೆ ಹಾಕಿದರು. ಅಂಚು ಎದೆಯ ಮೇಲೆ ಸರಿಯಾಗಿ ಬರುವಂತೆ ಇಟ್ಟರು. ಗಿಳಿಗೆ ತೊಡಿಸಿದರು. ಅದು ಕನ್ನಡಿಯಲ್ಲಿ ನೋಡಿಕೊಂಡಿತು. ನಾವು ಮೂವರೂ ಕೆಲಸ ಬಿಟ್ಟು ನೋಡುತ್ತ ನಿಂತೆವು. ಅಷ್ಟು ಚೆಂದ ಕಾಣುತ್ತಿತ್ತು.

ಸಂಜೆಯೊಳಗೆ ಖಣ ಚಿಂದಿಯಾಗಿತ್ತು.

ಅತ್ತೆ ಚೂರುಗಳನ್ನು ಆರಿಸಿ ತೊಡೆಯ ಮೇಲಿಟ್ಟುಕೊಂಡು ಕೂತರು. ಹೆಂಡತಿ ಪಂಜರದ ತಳ ನೋಡಿದಳು. ಬಗ್ಗಿ ನೋಡಿದಳು. ಟಾರ್ಚು ಹಾಕಿ ನೋಡಿದಳು. ಆಮೇಲೆ ಕೂಗಿದಳು: "ಅವ್ವಾ! ಒಂದs ಒಂದ ಪುಕ್ಕಾ ಕಿತ್ತಿಲ್ಲ!"

ಮನೆಯಲ್ಲಿ ಆದ ಗದ್ದಲ ಹೇಳತೀರದು. ಹೆಂಡತಿ ಡಾಕ್ಟರಿಣಿಗೆ ಫೋನು ಮಾಡಿದಳು. ಗುಂಡಿ ಬೇಡ, ಲೇಸು ಬೇಡ, ಉದ್ದನೆಯ ದಾರ ಕಾಲಿಗೆ ಸಿಕ್ಕದಿರಲಿ, ಬರೀ ಹತ್ತಿಬಟ್ಟೆ, ಹರಿಯಲಿ ಬಿಡಿ, ಎಂದು ಅವರೂ ಆ ಕಡೆಯಿಂದ ಕೂಗಿಯೇ ಹೇಳಿದರು.

ಅತ್ತೆ ಮಾತ್ರ ಅಳೆದು ನೋಡುತ್ತಿದ್ದದ್ದು ಬೇರೆ. ಹರಿದ ಹೊಲಿಗೆಯೊಂದನ್ನು ಬೆಳಕಿಗೆ ಹಿಡಿದು, "ಇಲ್ಲಿ ನಾ ಒಂಟಿ ಹೊಲಿಗಿ ಹಾಕಿದ್ದೆ, ಅದಕ್ಕs ಬಿಚ್ಯಾನ. ನಾಳೆ ನೋಡ್ತೀನಿ ಅವನ ಆಟ" ಎಂದರು.

ಮರುದಿನ ಹಳೆಯ ಪಂಚೆಯಲ್ಲಿ ಜೋಡಿ ಹೊಲಿಗೆ. ಗಿಳಿ ಮಧ್ಯಾಹ್ನದ ತನಕ ಹೆಣಗಿತು. ಅದರ ಮರುದಿನ ಕೌದಿಗೆ ಹಾಕುವ ಹೊಲಿಗೆ. ಗಿಳಿ ಸಂಜೆಯ ತನಕ ತಲೆಯೆತ್ತಲಿಲ್ಲ. ಅತ್ತೆ ಹೊಲಿಯುವುದು, ಅದು ಬಿಚ್ಚುವುದು. ಇಬ್ಬರೂ ಊಟದ ಹೊತ್ತು ಮರೆಯತೊಡಗಿದರು. ಮೊಣಕಾಲಿನ ವಿಷಯವನ್ನು ಅತ್ತೆ ಎತ್ತುವುದೇ ನಿಂತುಹೋಯಿತು.

ನನ್ನ ಅಂಗಿಯೊಂದರ ತೋಳು ಬಹಳ ದಿನದಿಂದ ಬಿಚ್ಚಿತ್ತು. ಸಮಯ ನೋಡಿ ಅತ್ತೆಯ ಮುಂದಿಟ್ಟೆ. ಅವರು ತಲೆಯೆತ್ತದೆ ಹೇಳಿದರು:

"ನೀವು ಮೈಮ್ಯಾಲಿನ ಕೂದಲಾ ಕಿತ್ಕೊಳ್ಳಾಕ ಹತ್ತಿದ ಮ್ಯಾಲ ಹೇಳ್ರಿ."

೫. ಒಂದರಿಂದ ನಾಲ್ಕು

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಮ್ಮ ಪೇಠದಲ್ಲಿ ಯಾರೂ ಏನನ್ನೂ ಮಾರುವುದಿಲ್ಲ, ಕೊಳ್ಳುವುದಿಲ್ಲ, ಗಟ್ಟಿಯಾಗಿ ಕೆಮ್ಮುವುದೂ ಇಲ್ಲ. ಹಿಂಜವಾಡಿಯ ಗಿಳಿಗೆ ಇದು ತಿಳಿಯದು. ಅದರ ಮೀಟಿಂಗ್ ಶುರುವಾಗುವುದೇ ಒಂದೂವರೆಗೆ.

ಒಂದು ಬೆಳಿಗ್ಗೆ ಮೆಟ್ಟಿಲ ಬಳಿ ಫಲಕವೊಂದು ತೂಗುತ್ತಿತ್ತು. ಕಾಕಾರ ಅಕ್ಷರ ಮುತ್ತಿನಂಥದು. "ಎರಡನೆಯ ಮಹಡಿಯ ಗಿಳಿಗೆ ಸೂಚನೆ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಈ ಕಟ್ಟಡದಲ್ಲಿ ಸಭ್ಯರು ಮಲಗಿರುತ್ತಾರೆ. ತಮ್ಮ ದನಿ ಎಲ್ಲರಿಗೂ ಕೇಳಿಸುತ್ತಿದೆ. ಮತ್ತೆ ಮತ್ತೆ ವಿಚಾರಿಸಬಾರದು."

ಹೆಂಡತಿ ಜಗಳಕ್ಕೆ ಹೊರಟಳು. ಅತ್ತೆ ತಡೆದರು. ಒಂದು ತಟ್ಟೆಯಲ್ಲಿ ಚಕ್ಕುಲಿ ಇಟ್ಟುಕೊಂಡು, ಮೊಣಕಾಲು ಹಿಡಿದುಕೊಂಡು ತಾವೇ ಕೆಳಗಿಳಿದರು. ಏನು ಮಾತಾಯಿತೋ ಗೊತ್ತಿಲ್ಲ, ಮರುದಿನ ಒಂದೂವರೆಗೆ ಕಾಕಾ ಪತ್ರಿಕೆ ಹಿಡಿದು ಮೇಲೆ ಬಂದರು. ಪಂಜರದ ಮುಂದೆ ಕುರ್ಚಿ ಎಳೆದುಕೊಂಡು, ಎಂಟನೆಯ ಇಯತ್ತೆಯ ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಸಂಪಾದಕೀಯ ಓದತೊಡಗಿದರು.

ಗಿಳಿ ಒಮ್ಮೆ "ಹಲೋ" ಎಂದಿತು. ಕಾಕಾ ಕನ್ನಡಕದ ಮೇಲಿನಿಂದ ನೋಡಿದರು. ಎರಡನೆಯ ಪರಿಚ್ಛೇದಕ್ಕೆ ಬರುವಷ್ಟರಲ್ಲಿ ಗಿಳಿ ಒಂದು ಕಾಲು ಮಡಚಿತು. ಮೂರನೆಯದಕ್ಕೆ ಕಣ್ಣು ಮುಚ್ಚಿತು. ನಾಲ್ಕನೆಯದಕ್ಕೆ ಅತ್ತೆಯೂ.

"ನನ್ನ ಇಡೀ ನೌಕರಿಯಲ್ಲಿ ಇಷ್ಟು ಶಿಸ್ತಿನ ವಿದ್ಯಾರ್ಥಿ ಸಿಕ್ಕಿರಲಿಲ್ಲ" ಎಂದು ಕಾಕಾ ಸಂಜೆ ನನಗೆ ಭಾವುಕರಾಗಿ ಹೇಳಿದರು. ಗಿಳಿಯ ಶೇಂಗಾ ಸುತ್ತಲೆಂದು ತಮ್ಮ ಹಳೆಯ ಪತ್ರಿಕೆಗಳ ಕಟ್ಟನ್ನೇ ತಂದುಕೊಟ್ಟರು. ನಾನು ಕೈಮುಗಿದೆ. ಪುಣೆಯಲ್ಲಿ ಇಂಥ ಔದಾರ್ಯ ನೋಡಿರಲಿಲ್ಲ ಎಂದೆ.

"ಅದರಲ್ಲೇನಿದೆ" ಎಂದರು ಕಾಕಾ. "ಹರಿದು ಮುಗಿದ ಮೇಲೆ ಚೂರುಗಳನ್ನೆಲ್ಲ ಕೂಡಿಸಿ ವಾಪಸ್ಸು ಕೊಟ್ಟರೆ ಸಾಕು. ರದ್ದಿಯವನು ತೂಕ ನೋಡುತ್ತಾನೆ, ಓದುವುದಿಲ್ಲ."

೬. ಪೇಢೆ

ಇಷ್ಟಾದರೂ ನನಗೆ ಗಿಳಿಯ ಬಗ್ಗೆ ವಿಶೇಷ ಆಸಕ್ತಿ ಇರಲಿಲ್ಲವೆಂದು ಇಲ್ಲಿ ಸ್ಪಷ್ಟಪಡಿಸಬೇಕು. ಶಿವಾಜಿನಗರದ ಕಚೇರಿಯಿಂದ ಹಗಲು ಮನೆಗೆ ಫೋನು ಮಾಡುತ್ತಿದ್ದದ್ದು ಅತ್ತೆಯ ಮೊಣಕಾಲು ವಿಚಾರಿಸಲು.

ಅಂದು ಫೋನು ಆ ಕಡೆಯಿಂದ ಬಂತು. "ಬಂತ್ರೀ!" ಎಂದಳು ಅಂದು ರಜೆ ಹಾಕಿ ಮನೆಯಲ್ಲಿದ್ದ ಹೆಂಡತಿ. ಹಿಂದೆ ಅತ್ತೆಯ ಕೂಗು, ಕಾಕಾರ ಚಪ್ಪಾಳೆ.

ನಾನು ಕುರ್ಚಿಯಿಂದ ಎದ್ದದ್ದು ನನಗೆ ನೆನಪಿಲ್ಲ. "ಬಂತs? ಖರೇನ? ಅತ್ತಿಯವರು ಬಾಜೂಕ ಅದಾರಲ್ಲ? ಕೈ ಹಚ್ಚಬ್ಯಾಡ್ರಿ, ನಾ ಈಗ ಬಂದೆ!" ಎಂದು ಕೂಗಿದ್ದು ಮಾತ್ರ ಇಡೀ ವಿಭಾಗಕ್ಕೆ ನೆನಪಿದೆ. ನಾನು ಅಲ್ಲಿಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಕನ್ನಡ ತಿಳಿಯದವರಿಗೂ ಕೂಗು ತಿಳಿಯುತ್ತದೆ. ಎಲ್ಲರೂ ಎದ್ದು ಬಂದು ಕೈಕುಲುಕಿದರು. ನನ್ನ ನರೆಗೂದಲು ನೋಡಿ ಒಬ್ಬಿಬ್ಬರು ಹುಬ್ಬೇರಿಸಿದರೂ ಸಭ್ಯತೆಯಿಂದ ಸುಮ್ಮನಾದರು. ನನಗೋ, ಜಗತ್ತಿಗೆಲ್ಲ ಗಿಳಿಯ ಸುದ್ದಿ ಗೊತ್ತಿದೆ ಎಂಬ ಭಾವ. ಎದುರಿನ ಅಂಗಡಿಯಿಂದ ಪೇಢೆ ತಂದು ಹಂಚಿದೆ.

"ಪೇಢೆ! ಹಾಗಾದರೆ ಗಂಡು!" ಎಂದರು ಸಾಹೇಬರು. ಈ ಕಡೆ ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ.

"ಅದು ಇನ್ನೂ ಗೊತ್ತಿಲ್ಲ ಸರ್. ಬರೀ ನೋಡಿದರೆ ತಿಳಿಯುವುದಿಲ್ಲ. ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು."

ಸಾಹೇಬರ ಪೇಢೆ ಬಾಯಿಯ ಹತ್ತಿರ ನಿಂತಿತು. "ನೋಡಿದರೆ... ತಿಳಿಯುವುದಿಲ್ಲವೇ?"

"ಈ ಜಾತಿಯಲ್ಲಿ ತಿಳಿಯುವುದಿಲ್ಲ ಸರ್."

ಸಾಹೇಬರು ಸಮಾಧಾನದ ದನಿಯಲ್ಲಿ ಕೇಳಿದರು: "ಉಳಿದಂತೆ ಆರೋಗ್ಯ?"

"ಈಗ ಚಿಂತೆಯಿಲ್ಲ. ಮೊದಲು ಬಹಳ ಕಷ್ಟವಿತ್ತು. ಮೈಮೇಲಿನದನ್ನೆಲ್ಲ ತಾನೇ ಕಿತ್ತುಕೊಳ್ಳುತ್ತಿತ್ತು. ಈಗ ಎದೆಯ ಮೇಲೆ ಒಂದು ಮುಳ್ಳು ಕಾಣಿಸಿದೆ. ಇನ್ನು ನಿಧಾನವಾಗಿ ಮೈತುಂಬ ಬರುತ್ತವೆ."

ಸಾಹೇಬರು ನನ್ನ ಭುಜದ ಮೇಲೆ ಕೈಯಿಟ್ಟು, ಬೇಕಾದಷ್ಟು ದಿನ ರಜೆ ತೆಗೆದುಕೊಳ್ಳಿ, ಧೈರ್ಯವಾಗಿರಿ, ಎಂದರು.

ಅವರ ಹಕ್ಕಿಪ್ರೇಮಕ್ಕೆ ಮಾರುಹೋಗಿ ಇನ್ನೊಂದು ಪೇಢೆ ಕೈಗಿಟ್ಟೆ. ರಜೆ ತೆಗೆದುಕೊಂಡೆ.

೭. ನೋಡಲು ಬಂದವರು

ಒಂದರ ಹಿಂದೆ ಒಂದು ಮುಳ್ಳು ಬಂದು, ಬಿಚ್ಚಿ, ಬೂದು ಪುಕ್ಕವಾದವು. ದಿನಾ ಬೆಳಿಗ್ಗೆ ಕಟ್ಟಡದ ಹೆಂಗಸರು ಬಂದು ನೋಡಿ ಹೋಗುವರು. ಎಲ್ಲರಿಗೂ ಸಂಭ್ರಮ. ಅತ್ತೆಯ ಮುಖ ಮಾತ್ರ ಪುಕ್ಕ ಹೆಚ್ಚಿದಷ್ಟೂ ಸಣ್ಣದಾಗುತ್ತ ಬಂತು. ಮೈ ಮುಚ್ಚಿದ ದಿನ ಗಿಳಿ ಹೊರಡಬೇಕೆಂಬ ಕರಾರು ಅವರೊಬ್ಬರಿಗೇ ನೆನಪಿದ್ದಂತಿತ್ತು.

ಗುಂಪಿನ ಹುಡುಗಿಗೂ ನೆನಪಿತ್ತು. "ಒಳ್ಳೆಯ ಮನೆಯೊಂದು ಸಿಕ್ಕಿದೆ. ಊರಾಚೆ ದೊಡ್ಡ ಬಂಗಲೆ, ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಇರುತ್ತಾರೆ. ಫೋಟೊ ನೋಡಿ ಮೆಚ್ಚಿದ್ದಾರೆ. ರವಿವಾರ ಬಂದು ನೋಡುತ್ತಾರಂತೆ" ಎಂದು ಫೋನು ಮಾಡಿದಳು.

ಹೆಂಡತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತೆ ಅಳಲಿಲ್ಲ. "ನೋಡಾಕ ಬರ್ತಾರೇನು?" ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. "ಬರ್ಲಿ."

ರವಿವಾರ ಬೆಳಿಗ್ಗೆ ಮನೆ ಒರೆಸಲಾಯಿತು. ಗಿಳಿಗೆ ನೀರು ಚಿಮುಕಿಸಿ ಸ್ನಾನ ಮಾಡಿಸಲಾಯಿತು. ಅತ್ತೆ ಇಳಕಲ್ ಸೀರೆ ಉಟ್ಟು ಒಗ್ಗರಣೆ ಅವಲಕ್ಕಿ ಮಾಡಿದರು. ಪುಣೆಯಲ್ಲಿ ಹೆಣ್ಣು ನೋಡಲು ಬಂದವರಿಗೆ ಕೊಡುವುದೂ ಅದನ್ನೇ. ತಟ್ಟೆ ಕಂಡು ಗುಂಪಿನ ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಬಂದವರು ಸಭ್ಯರು. ಆತನದು ತೆಳುನೀಲಿ ಬಣ್ಣದ ಬೆಲೆಯುಳ್ಳ ಅಂಗಿ. ಆಕೆಯ ಮಾತು ಮೃದು. ಗಿಳಿಯನ್ನು ಕಂಡದ್ದೇ ಇಬ್ಬರ ಕಣ್ಣೂ ಅರಳಿದವು. ಇನ್ನೇನು ಕೈತಪ್ಪಿತು ಎಂದು ನನಗೂ ಅನಿಸಿತು.

"ಸ್ವಭಾವ ಹೇಗೆ ಆಜಿ?" ಎಂದು ಆಕೆ ಕೇಳಿದರು.

"ಬಂಗಾರದಂಥಾ ಹುಡುಗ. ಒಂದ ನಿಮಿಷ ಸುಮ್ಮ ಕೂಡವನಲ್ಲ, ಭಾಳ ಕೆಲಸಗಾರ. ನಿಮ್ಮ ಮನ್ಯಾಗ ಕಟ್ಟಿಗಿ ಸಾಮಾನು ಅದಾವೇನ್ರಿ?"

"ಎಲ್ಲ ಸಾಗವಾನಿ. ನಮ್ಮ ಅಜ್ಜನ ಕಾಲದ್ದು" ಎಂದರು ಆಕೆ, ಹೆಮ್ಮೆಯಿಂದ.

"ಭಾಳ ಚಲೋ ಆತು. ಇಲ್ಲಿ ಬರೇ ಪ್ಲೈವುಡ್ಡು. ಆ ಬಾಗಿಲಾ ನೋಡ್ರಿ, ಪಾಪ, ಅದನ್ನs ತಿಂದು ದಿನಾ ಕಳದಾನ. ಸಾಗವಾನಿ ಸಿಕ್ರ ಅವಗ ಹಬ್ಬ."

ಇಬ್ಬರೂ ತಿರುಗಿ ಬಾಗಿಲು ನೋಡಿದರು. ಬಾಗಿಲಿನ ಕೆಳಗಿನ ಮೂಲೆ ಇರಲಿಲ್ಲ.

"ಬಟ್ಟೆ ಹರಿಯುತ್ತಾನಂತೆ?" ಎಂದು ಆತ ವಿಚಾರಿಸಿದರು.

"ಛೇ ಛೇ, ದಿನಕ್ಕ ಒಂದs. ಆದ್ರ ಪ್ಯಾಟಿದು ನಡಿಯಂಗಿಲ್ಲ, ಕೈಲೆ ಹೊಲದದ್ದು ಬೇಕು. ನಿಮಗ ಕೌದಿ ಹೊಲಿಗಿ ಬರ್ತದೇನವ್ವಾ?"

ಆಕೆಗೆ ಬರುತ್ತಿರಲಿಲ್ಲ.

"ಕಲೀತೀರಿ. ಟೈಮ್ ಸಿಗ್ತದ ನಿಮಗ. ಅಂವ ನಲವತ್ತು ಐವತ್ತು ವರ್ಷ ಬಾಳ್ತಾನಂತ ಡಾಕ್ಟರ ಹೇಳ್ಯಾರ." ಅತ್ತೆ ಆತನ ಕಡೆ ಪ್ರೀತಿಯಿಂದ ತಿರುಗಿದರು. "ತಮಗ ಈಗ ವಯಸ್ಸು?"

"ಐವತ್ತೆರಡು."

ಅತ್ತೆ ಬೆರಳ ಗೆಣ್ಣುಗಳ ಮೇಲೆ ಏನೋ ಎಣಿಸಿದರು. ಎಣಿಸುತ್ತ ಎಣಿಸುತ್ತ ಅವರ ಮುಖದಲ್ಲಿ ಮರುಕ ಮೂಡಿತು.

"ಮಕ್ಕಳು ಅದಾರಲ್ಲ? ಹಂಗಾದ್ರ ಚಿಂತಿ ಇಲ್ಲ ಬಿಡ್ರಿ."

ಈ ಹಂತದಲ್ಲಿ ಗಿಳಿ ತಾನಾಗಿಯೇ ಹಾರಿ ಬಂದು ಆತನ ಭುಜದ ಮೇಲೆ ಕೂತಿತು. ಬಂದಾಗಿನಿಂದ ಅದು ಹಾರಿದ್ದು ಅದೇ ಮೊದಲು! ಹೆಂಡತಿ ಚೀರಿದಳು, ಗುಂಪಿನ ಹುಡುಗಿ ಚಪ್ಪಾಳೆ ತಟ್ಟಿದಳು, ನಾನು ಯಾರ ಕೈಯನ್ನೋ ಹಿಡಿದುಕೊಂಡೆ. ಆತನೂ ಧನ್ಯರಾದಂತೆ ಕಂಡರು. ಗಿಳಿ ಬಗ್ಗಿ ಅವರ ಅಂಗಿಯ ಮೇಲಿನ ಗುಂಡಿಯನ್ನು ಪರೀಕ್ಷಿಸಿತು. ಟಕ್. ಗುಂಡಿ ಅವಲಕ್ಕಿಯಲ್ಲಿ ಬಿತ್ತು. ಎರಡನೆಯದು. ಟಕ್. ಮೂರನೆಯದಕ್ಕೆ ಆತ ತಟ್ಟೆ ಸರಿಸಿದರು. ಅಂಗಿ ಹೊಟ್ಟೆಯ ತನಕ ತೆರೆದಿತ್ತು.

"ಒಪ್ಪಿಗಿ ಆತು ಅಂತ ಕಾಣ್ತದ" ಎಂದರು ಅತ್ತೆ, ಕೈಜೋಡಿಸಿ. "ಪರಕೀಯರ ಗುಂಡಿ ಅಂವ ಮುಟ್ಟಂಗಿಲ್ಲ."

ದಂಪತಿಗಳು ಎದ್ದರು. ಗಿಳಿಯನ್ನು ಜೋಪಾನವಾಗಿ ಮರಳಿಸಿದರು. ಬಾಗಿಲಲ್ಲಿ ನಿಂತು, ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಆತ ಹೇಳಿದರು: "ಮನೆಗೆ ಹೋಗಿ ವಿಚಾರ ಮಾಡಿ ತಿಳಿಸುತ್ತೇವೆ."

ಅತ್ತೆ ಮೂರು ಹೆಣ್ಣುಮಕ್ಕಳ ತಾಯಿ. ಆ ಮಾತಿನ ಅರ್ಥ ಅವರಿಗೆ ಯಾವ ಭಾಷೆಯಲ್ಲಿ ಹೇಳಿದರೂ ಗೊತ್ತು. ಹಿಂದೆಲ್ಲ ಅದನ್ನು ಕೇಳಿ ಒಳಗೆ ಹೋಗಿ ಅತ್ತವರು, ಅಂದು ಒಳಗೆ ಹೋಗಿ ಸಜ್ಜಕದ ಸಿಹಿಗೆ ರವೆ ಹುರಿಯತೊಡಗಿದರು.

ಗುಂಪಿನ ಹುಡುಗಿ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತಳು. "ಆಜಿ, ಬೇಕಂತಲೇ ಮಾಡಿದಿರಾ?"

"ಒಂದರೆ ಸುಳ್ಳು ಹೇಳಿದ್ನೇನವ್ವಾ? ಕೊಡೂ ಹುಡುಗನ ಗುಣಾ ಮುಚ್ಚಿಟ್ರ ಪಾಪ ಬರ್ತದ."

"ಇವನನ್ನು ಇಲ್ಲೇ ಬಿಡೋಣ ಎಂದರೆ ಹಗಲು ಯಾರಿರುತ್ತಾರೆ? ನೀವು ಊರಿಗೆ ಹೋಗುವವರಲ್ಲವೇ?"

"ನಾ ಊರಿಗೆ ಹೋಗ್ತೀನಂತ ಯಾರು ಹೇಳಿದ್ರು?" ಎಂದು ಅತ್ತೆ ಸೌಟು ಹಿಡಿದೇ ನನ್ನತ್ತ ತಿರುಗಿದರು. ನಾನಂತೂ ಹೇಳಿರಲಿಲ್ಲ. ಹೆಂಡತಿ ತಾಯಿಯನ್ನು ಅಪ್ಪಿಕೊಂಡಳು. ಹುಡುಗಿ ನಗುತ್ತ, ಹಾಗಾದರೆ ಇಲ್ಲಿಯೇ ಕಾಯಂ, ಎಂದು ಅಲ್ಲೇ ತನ್ನವರಿಗೆ ಫೋನು ಮಾಡಿದಳು.

ಅವಳು ಮೆಟ್ಟಿಲು ಇಳಿಯುತ್ತಿರುವಾಗ ಅತ್ತೆ ಹಿಂದೆಯೇ ಬಂದು ಕಟಕಟೆಯಿಂದ ಬಗ್ಗಿ ಕೂಗಿದರು:

"ಮತ್ತ ಯಾರರೆ ನೋಡಾಕ ಬರವ್ರಿದ್ರ ಕಳಸವ್ವಾ, ಬ್ಯಾಡ ಅನಬ್ಯಾಡ! ಅವಲಕ್ಕಿ ಭಾಳ ಉಳದದ!"